ತಾನಾಗಿಯೇ ಆಡುವ ವೈಪರ್

ನಾವು ಕಾರು ಕೊಂಡದ್ದು ನನಗಾಗಿ ಅಲ್ಲ. ನಾನು ಗದಗಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಬೆಟಗೇರಿಯ ಮನೆಯಿಂದ ಅಲ್ಲಿಗೆ ಸೈಕಲ್ಲೇ ಹೆಚ್ಚು. ಆದರೆ ಶಿಕ್ಷಕಿಯಾಗಿದ್ದ ನನ್ನ ಹೆಂಡತಿಗೆ ಡೋಣಿಯ ಶಾಲೆಗೆ ವರ್ಗವಾಯಿತು. ಬೆಳಿಗ್ಗೆ ಎದ್ದು ಡಂಬಳದ ಬಸ್ಸು ಹಿಡಿಯುವುದು, ಅಲ್ಲಿ ಇಳಿದು ಮುಂದಿನ ಗಾಡಿಗೆ ಕಾಯುವುದು. ಎರಡು ವರ್ಷ ಹಾಗೇ ನಡೆಸಿದಳು. ಮೂರನೆಯ ವರ್ಷ ಒಂದು ದಿನ ಊಟಕ್ಕೆ ಕೂತಾಗ, "ನಾ ಕಾರ್ ಕಲೀತೀನ್ರಿ" ಅಂದಳು. ರೊಟ್ಟಿ ಬಡಿಸುತ್ತಿದ್ದ ನನ್ನ ಅವ್ವನ ಕೈ ಅಲ್ಲೇ ನಿಂತಿತು.

ಅವ್ವ ಲಕ್ಷ್ಮೇಶ್ವರದ ಕಡೆಯವಳು. ಹೆದರುವ ಹೆಣ್ಣಲ್ಲ. "ಚಕ್ಕಡಿ ನಾನೂ ಹೊಡದೀನಿ, ಯವ್ವಾ. ಆದ್ರ ನಾವು ತೂಕಡಿಸಿದ್ರೂ ಎತ್ತು ದಾರಿ ಬಿಡತಿದ್ದಿಲ್ಲ. ಈ ತಗಡಿಗೆ ಏನ್ ತಿಳೀತೈತಿ?" ಅಂದಳು.

"ಈಗಿನ ಗಾಡಿಗೆ ಎಲ್ಲಾ ತಿಳೀತೈತ್ರಿ ಅತ್ತಿ" ಎಂದು ಹೆಂಡತಿ ನಕ್ಕಳು.

ಕಾರು ಕೊಳ್ಳಲು ಹೋದಾಗ ಶೋರೂಮಿನ ಹುಡುಗಿಯೂ ಅದನ್ನೇ ಹೇಳಿದಳು. ಮುಂದಿನ ಗಾಜಿನ ನಡುವೆ, ಒಳಗನ್ನಡಿಯ ಹಿಂದೆ, ಒಂದು ಸೆನ್ಸರ್ ಇದೆ. ಹನಿ ಬಿದ್ದರೆ ಅದು ಕಂಡುಹಿಡಿದು ವೈಪರನ್ನು ತಾನೇ ಆಡಿಸುತ್ತದೆ, ನೀವು ಕೈ ಹಚ್ಚುವುದೇ ಬೇಡ ಎಂದು ಬಾಟಲಿಯಿಂದ ನೀರು ಚಿಮುಕಿಸಿ ತೋರಿಸಿದಳು. ವೈಪರ್ ವಿನಯದಿಂದ ಎರಡು ಸಲ ಬಾಗಿ ಎದ್ದಿತು. ನಮಗೆ ಬಹಳ ಸಂತೋಷವಾಯಿತು.

ಆ ವಿನಯ ಶೋರೂಮಿಗಷ್ಟೇ ಮೀಸಲು ಎಂದು ತಿಳಿಯಲು ಒಂದು ತಿಂಗಳು ಸಾಕಾಯಿತು. ಆಷಾಢದ ಗಾಳಿಯಲ್ಲಿ ಒಂದು ಹನಿಯೂ ಇಲ್ಲದ ಹೊತ್ತು, ನಡುಪೇಟೆಯಲ್ಲಿ ವೈಪರ್ ಒಣ ಗಾಜಿನ ಮೇಲೆ ಕರಕರ ಅನ್ನುತ್ತ ಬಡಿದುಕೊಳ್ಳುತ್ತಿತ್ತು. ಬಾಳೆಹಣ್ಣಿನ ಗಾಡಿಯವನೊಬ್ಬ ಆಕಾಶ ನೋಡಿ, "ಮೇಡಂ, ನಿಮ್ಮ ಮಳಿ ಇತ್ತಾಗೂ ಒಂದೀಟು ಕಳಸ್ರಿ" ಅಂದನಂತೆ. ನಿಜವಾದ ಮಳೆ ಬಂದಾಗ ಅದು ಒಮ್ಮೆ ಒರೆಸಿ ಕೈಕಟ್ಟಿ ಕೂರುತ್ತಿತ್ತು. ನಮ್ಮ ಹಿರಿಯರಲ್ಲಿ ಮಳೆಗೆ ಎಷ್ಟು ಹೆಸರು: ಅಡ್ಡಮಳೆ, ಜಿಟಿಜಿಟಿ, ತುಂತುರು, ಹದಮಳೆ. ಒಂದೊಂದಕ್ಕೂ ಒಂದೊಂದು ಕೆಲಸ, ಒಂದೊಂದು ನಡಿಗೆ. ಈ ಯಂತ್ರಕ್ಕೆ ಯಾರೂ ಇದನ್ನು ಹೇಳಿಕೊಟ್ಟಿರಲಿಕ್ಕಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಎರಡು ಸಲ ಶೋರೂಮಿಗೆ ಒಯ್ದೆವು. ಅವರ ಪದ್ಧತಿಯೆಂದರೆ, ಬಂದ ಗಾಡಿಯನ್ನು ಮೊದಲು ಸಾಬೂನು ನೀರಲ್ಲಿ ತೊಳೆದು ಆಮೇಲೆ ಪರೀಕ್ಷೆ ಮಾಡುವುದು. ತೊಳೆದ ಗಾಡಿಯ ವೈಪರ್ ಎರಡು ಸಲವೂ ಸರಿಯಾಗಿಯೇ ಆಡಿತು. "ಏನೂ ದೋಷ ಇಲ್ಲ ಸರ್, ಮೇಡಂ ಹೊಸಬ್ರು, ರೂಢಿ ಆಗಬೇಕು" ಅಂದರು. ಆ ಮಾತು ಹೆಂಡತಿಯ ಮನಸ್ಸಿಗೆ ನಾಟಿತು. ತಪ್ಪು ತನ್ನದೇ ಇರಬೇಕೆಂದು ನಂಬತೊಡಗಿದಳು.

ಶ್ರಾವಣದ ಒಂದು ಸಂಜೆ ಶಾಲೆಯಿಂದ ಬರುವಾಗ ಡಂಬಳದ ಕೆರೆಯ ಹತ್ತಿರ ಜೋರು ಮಳೆ ಹಿಡಿಯಿತು. ವೈಪರ್ ಒಮ್ಮೆ ಒರೆಸಿ ನಿಂತುಬಿಟ್ಟಿತು. ಗಾಜಿನ ತುಂಬ ನೀರು. ಈಗ ಆಡುತ್ತದೆ, ಇನ್ನೇನು ಆಡುತ್ತದೆ ಎಂದು ಕಾಯುತ್ತಲೇ ಮುಂದೆ ಸಾಗಿದ್ದಾಳೆ. ಎದುರಿಗೆ ದೀಪವಿಲ್ಲದ ಟ್ರ್ಯಾಕ್ಟರಿನ ಟ್ರೇಲರು ಕಂಡಾಗ ಬ್ರೇಕು ಒತ್ತಿದ್ದಾಳೆ. ನಡುವೆ ಉಳಿದದ್ದು ಒಂದು ಮೊಳ. ಕೈಯಿಂದ ಆಡಿಸುವ ಕಡ್ಡಿ ಸ್ಟಿಯರಿಂಗಿನ ಪಕ್ಕದಲ್ಲೇ ಇದೆ ಎಂಬುದು ಆ ಹೊತ್ತಿಗೆ ನೆನಪೇ ಆಗಲಿಲ್ಲವಂತೆ. ಫೋನು ಬಂದಾಗ ನಾನು ಬಸ್ಸು ಹಿಡಿದು ಹೋದೆ. ನನಗೂ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ಅಂದು ಹೇಗೋ ಹೊಡೆದುಕೊಂಡು ಬಂದೆ. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು: "ಇನ್ನ ನಾ ಬಸ್ಸಿಗೇ ಹೋಗ್ತೀನ್ರಿ."

ಮರುದಿನ ಹಾಗೇ ಹೋದಳು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

ನಾನು ಕಾರನ್ನು ಬೆಟಗೇರಿಯಲ್ಲೇ ಇರುವ ಒಬ್ಬ ಚಾಚಾನ ಹತ್ತಿರ ಒಯ್ದೆ. ಲಾರಿ, ಬಸ್ಸುಗಳಿಗೆ ಗಾಜು ಕೂರಿಸುವುದು ಅವರ ಕಸುಬು. ತೊಳೆದು ತರಲೇನು ಎಂದು ಕೇಳಿದ್ದಕ್ಕೆ, "ಬ್ಯಾಡ್ರಿ. ಜಡ್ಡಾದವ್ರು ಪೌಡರ್ ಹಚಗೊಂಡು ದವಾಖಾನಿಗಿ ಬರ್ತಾರೇನು?" ಅಂದಿದ್ದರು. ಗಾಜಿನ ಮೇಲೆಲ್ಲ ಬೆರಳಾಡಿಸುತ್ತ ಬಂದವರು ನಡುವೆ, ಸೆನ್ಸರ್ ಇರುವಲ್ಲಿ ನಿಂತರು. ಅಲ್ಲಿ ಗಾಜಿಗೇ ಕಪ್ಪು ಬಣ್ಣದ ಅಂಚಿದೆ. ಬೆರಳನ್ನು ಮೂಗಿಗೆ ಹಿಡಿದು ನನ್ನ ಕಡೆ ತಿರುಗಿದರು.

"ಸಾಹೇಬ್ರ, ಮನ್ಯಾಗ ಸಣ್ಣ ಕೂಸು ಐತೇನ್ರಿ?"

"ಇಲ್ಲರಿ ಚಾಚಾ. ಯಾಕ?"

"ಹಂಗಾರ ಈ ಕಾಡಿಗಿ ಯಾರ ಸಲುವಾಗಿ?"

ಕಪ್ಪಿನ ಮೇಲೆ ಕಪ್ಪು, ಯಾರಿಗೆ ಕಾಣಬೇಕು? ಹರಳೆಣ್ಣೆಯ ದೀಪದ ಮಸಿಗೆ ತುಪ್ಪ ಕಲಸಿ ಮನೆಯಲ್ಲೇ ಮಾಡಿದ ಕಾಡಿಗೆ. ಒಂದರ ಮೇಲೊಂದು ಹಚ್ಚಿ ಹಚ್ಚಿ, ವೈಪರ್ ಒರೆಸಿದರೂ ಹೋಗದ, ಸಾಬೂನಿಗಷ್ಟೇ ಬಿಡುವ ಜಿಡ್ಡಾಗಿ ಸೆನ್ಸರಿನ ಮುಂದೆ ಕೂತಿತ್ತು. ಚಾಚಾ ನಗಲಿಲ್ಲ. "ಮಶೀನು ಸರಿ ಐತ್ರಿ. ಹಚ್ಚಿದ ಕೈನೂ ಸರಿ ಐತಿ. ಜಾಗಾ ಒಂದ ತಪ್ಪೈತಿ" ಎಂದು ಒರೆಸಿಕೊಟ್ಟರು.

ಸಂಜೆ ಇಬ್ಬರ ಎದುರಿಗೂ ಹೇಳಿದೆ. ಅವ್ವ ಸೀರೆಯ ಸೆರಗು ಮಡಚುತ್ತ, ಹಚ್ಚಿದ್ದು ತಾನೇ ಎಂದಳು. ನಮ್ಮ ಓಣಿಯಲ್ಲಿ ಕಾರು ಹೊಡೆಯುವ ಹೆಣ್ಣುಮಗಳು ನನ್ನ ಹೆಂಡತಿಯೊಬ್ಬಳೇ. ಹೊರಟಾಗ ಅತ್ತಿತ್ತಲ ಕಟ್ಟೆಗಳಿಂದ ನೋಡುವ ಕಣ್ಣುಗಳಿಗೆ ಅವ್ವ ಅಂಜಿದ್ದಳು. ದೃಷ್ಟಿ ಬೊಟ್ಟನ್ನು ಹೇಳಿ ಹಚ್ಚಿದರೆ ಫಲವಿಲ್ಲ ಎಂಬುದು ಅವಳ ಹಿರಿಯರು ಕಲಿಸಿದ್ದು. ಹಾಗಾಗಿ ದಿನಾ ಬೆಳಿಗ್ಗೆ ಗಾಜಿನ ಮೇಲಿನ ಎಲೆ ತೆಗೆಯುವ ನೆವದಲ್ಲಿ ಗಾಡಿಯ ಹಣೆಗೆ ಒಂದು ಬೆರಳು ಮುಟ್ಟಿಸುತ್ತಿದ್ದಳು.

"ಅಕಿನ್ನ ಕಾಯಾಕ ಹೋಗಿ ನಾನ ಕುತ್ತಿಗಿಗಿ ತಂದಿದ್ನಲ್ಲೋ, ತಮ್ಮಾ" ಅಂದಳು.

"ಒಂದ ಮಾತ ಹೇಳಬೇಕಿತ್ತಲ್ರಿ ಅತ್ತಿ" ಎಂದು ಹೆಂಡತಿ ಎದ್ದು ಒಳಗೆ ಹೋದಳು.

ಎರಡು ದಿನ ಇಬ್ಬರ ಮಾತೂ ನನ್ನ ಮೂಲಕವೇ ಓಡಾಡಿತು. ಗಾಜು ಸ್ವಚ್ಛವಾಗಿದೆ, ಇನ್ನು ಕಾರು ಒಯ್ಯಬಹುದಲ್ಲ ಎಂದೆ. "ಗಾಜು ಸ್ವಚ್ಛ ಆತ್ರಿ, ನನ್ನ ಎದಿ ಆಗಿಲ್ಲ" ಅಂದಳು. ಬಸ್ಸಿಗೇ ಹೋಗುತ್ತಿದ್ದಳು. ಅವ್ವ ಬಾಗಿಲಿಗೆ ಬರುವುದನ್ನೂ ಬಿಟ್ಟಿದ್ದಳು.

ರವಿವಾರ ಉಂಡ ಮೇಲೆ ಅವ್ವ ಹೊರಗೆ ಹೋಗುವ ಸೀರೆ ಉಟ್ಟು ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತಳು.

"ನಡಿ ಯವ್ವಾ, ನಿನ್ನ ಸಾಲಿ ನೋಡಬೇಕು ನಾ."

"ಇವತ್ತ ಸಾಲಿ ಮುಚ್ಚಿರ್ತೈತ್ರಿ ಅತ್ತಿ."

"ಬಾಗಲಾ ನೋಡಿ ಬರ್ತೀನಿ. ಅದೇನ ಮಗ್ಗಿ ಕೇಳತೈತೇನು ನನಗ?"

ಹೆಂಡತಿ ನನ್ನ ಮುಖ ನೋಡಿದಳು. ನಾನು ಹಿಂದಿನ ಬಾಗಿಲು ತೆಗೆದು ಕೂತೆ.

ಡಂಬಳ ದಾಟುತ್ತಲೇ ಕಪ್ಪತಗುಡ್ಡದ ಕಡೆಯಿಂದ ತುಂತುರು ಬಂತು. ಗಾಜು ಮಬ್ಬಾಯಿತು. ಸೆನ್ಸರಿಗೆ ಈಗ ಯಾವ ಅಡ್ಡಿಯೂ ಇರಲಿಲ್ಲ. ಆದರೂ ಇದು ಮಳೆಯೋ ಅಲ್ಲವೋ ಎಂದು ಅದು ಯೋಚಿಸುತ್ತಲೇ ಇತ್ತು. ಹೆಂಡತಿಯ ಭುಜ ಬಿಗಿಯಾದದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಗಾಡಿ ನಡಿಗೆಗೆ ಇಳಿಯಿತು.

"ಯಾರ ದಾರಿ ಕಾಯಾಕತ್ತಿ?" ಎಂದು ಅವ್ವ ಕೇಳಿದಳು.

"ವೈಪರ್‌ದರಿ."

"ನಿನಗ ಮಳಿ ಕಾಣಾಕತ್ತೈತೋ ಇಲ್ಲೋ?"

"ಕಾಣಾಕತ್ತೈತ್ರಿ."

"ಮತ್ತ? ಅದನ್ಯಾಕ ಕೇಳ್ತಿ?"

ಹೆಂಡತಿಯ ಎಡಗೈ ಸ್ಟಿಯರಿಂಗಿನಿಂದ ಸರಿದು ಕಡ್ಡಿಯನ್ನು ಒತ್ತಿತು. ಗಾಜು ತಿಳಿಯಾಯಿತು. ಮುಂದೆ ರಸ್ತೆ, ಎರಡೂ ಬದಿ ಹೆಸರಿನ ಹೊಲ, ಛತ್ರಿ ಹಿಡಿದ ಒಬ್ಬ ಸೈಕಲ್ಲಿನವ. ಎಲ್ಲ ಕಂಡವು. ಡೋಣಿಯಲ್ಲಿ ಅವ್ವ ಶಾಲೆಯ ಮುಂದೆ ಇಳಿದು, ಬೀಗ ಹಾಕಿದ ಬಾಗಿಲನ್ನು ನಿಜವಾಗಿಯೂ ನೋಡಿ, "ಚೊಲೋ ಐತಿ" ಎಂದು ಬಂದು ಕೂತಳು.

ಸೋಮವಾರದಿಂದ ಹೆಂಡತಿ ಬಸ್ಸು ಹತ್ತಲಿಲ್ಲ. ನನಗೆ ಮಾತ್ರ ಹೆಚ್ಚು ನೆನಪಿರುವುದು ಆ ರವಿವಾರ ತಿರುಗಿ ಬಂದ ದಾರಿ. ಮಳೆ ಜೋರಾಗಿತ್ತು. ವೈಪರ್ ದಡದಡ ಆಡುತ್ತಿತ್ತು. ಅವ್ವನಿಗೆ ಏನೋ ಹೇಳಲು ನಾನು ಮುಂದೆ ಬಾಗಿದರೆ, ಅವಳ ತಲೆ ಬದಿಯ ಗಾಜಿಗೆ ಒರಗಿತ್ತು, ಗಾಢ ನಿದ್ದೆ. "ಮಾತಾಡಬ್ಯಾಡ್ರಿ, ಎಚ್ಚರಾಗ್ತಾರ" ಎಂದು ಹೆಂಡತಿ ಪಿಸುಗುಟ್ಟಿದಳು. ಸ್ವಲ್ಪ ದೂರ ಹೋದ ಮೇಲೆ ಗಾಡಿಯ ವೇಗ ತಗ್ಗಿಸಿ, ಸಪ್ಪಳ ಆಗದಂತೆ ವೈಪರನ್ನೂ ಒಂದು ಹಂತ ನಿಧಾನ ಮಾಡಿದಳು.