ಕಲಾಯಿ ಬಿಂದಿಗೆಯ ನೀರು

ನನ್ನ ತಂಗಿ ತುಮಕೂರಿನ ಕಾಲೇಜೊಂದರ ಲ್ಯಾಬಿನಲ್ಲಿ ನೀರಿನೊಳಗಿನ ಸೀಸ ಹಿಡಿಯುವ ಹಾಳೆ ಮಾಡುತ್ತಾಳೆ. ಅದೆಷ್ಟು ತೆಳುವೆಂದರೆ ಈರುಳ್ಳಿ ಸಿಪ್ಪೆಯೂ ಅದರ ಮುಂದೆ ಹಾಸುಗಲ್ಲು. ಅಂಥ ಲಕ್ಷಾಂತರ ಹಾಳೆ ಒಟ್ಟಾದರೂ ನಮ್ಮ ಕಣ್ಣಿಗೆ ಕಾಣುವುದು ನೀರಲ್ಲಿ ಕದಡಿದ ಮಸಿಯಷ್ಟೇ. ಅದನ್ನು ಫಿಲ್ಟರಿನಲ್ಲಿ ಹರಡಿದರೆ ನೀರು ದಾಟುತ್ತದೆ, ಸೀಸ ಅಂಟಿಕೊಂಡು ಉಳಿಯುತ್ತದೆ. ಕುಣಿಗಲ್ಲಿನ ನಮ್ಮ ಸ್ಟಾಫ್ ರೂಮಿನಲ್ಲಿ ನಾನು ಇದನ್ನು ಎಷ್ಟು ಕೊಚ್ಚಿಕೊಂಡಿದ್ದೇನೆಂದರೆ, ಬಾಯಿ ತೆರೆದರೆ ಸಾಕು, ಉಳಿದ ಮೇಷ್ಟ್ರುಗಳು ಟಿಫಿನ್ ಬಾಕ್ಸ್ ಎತ್ತಿಕೊಂಡು ಏಳುತ್ತಾರೆ.

ಗುಬ್ಬಿಯ ನಮ್ಮ ಮನೆಯ ಹಳೇ ಪೈಪಿನಿಂದ ನೀರಿಗೆ ಸ್ವಲ್ಪ ಸೀಸ ಇಳಿಯುತ್ತಿತ್ತು. ತಂಗಿ ತನ್ನ ಫಿಲ್ಟರನ್ನು ಅಲ್ಲಿನ ಅಡುಗೆಮನೆಯಲ್ಲಿಟ್ಟು, ಪರೀಕ್ಷೆ ಮುಗಿಯುವವರೆಗೆ ಯಾರೂ ಕುಡಿಯಕೂಡದು ಎಂದಳು. ನಲ್ಲಿ ನೀರಿನದೊಂದು, ಸೋಸಿದ ನೀರಿನದೊಂದು ಬಾಟಲಿ ತುಂಬಿಡುವುದು ಅಮ್ಮನ ಕೆಲಸ. ಊರಿಂದ ಕುಣಿಗಲ್ಲಿಗೆ ಮರಳುವಾಗ ತುಮಕೂರಿನಲ್ಲಿ ಇಳಿದು ಅವನ್ನು ತಲುಪಿಸುವುದು ನನ್ನದು.

ಫಲಿತಾಂಶ ತಲೆಕೆಳಗಾಗಿ ಬಂತು. ಸೋಸಿದ ನೀರಿನಲ್ಲೇ ಸೀಸ ಜಾಸ್ತಿ! ಮರುವಾರವೂ ಅದೇ ಹಾಡು. ಹಿಡಿದ ಸೀಸವನ್ನು ಹಾಳೆಯೇ ವಾಪಸ್ ಬಿಡುತ್ತಿದೆ, ಇದನ್ನು ಕೈಬಿಡು ಎಂದರು ಅವಳ ಗೈಡ್. ವರ್ಷಗಟ್ಟಲೆ ಜೀವ ತೇಯ್ದ ಕೆಲಸ. ನಾನಾಗಿದ್ದರೆ ಫಿಲ್ಟರನ್ನು ತಿಪ್ಪೆಗೆ ಎಸೆಯುತ್ತಿದ್ದೆ. ಅವಳು ಗುಬ್ಬಿಗೆ ಬಂದು, ಅಮ್ಮ ಬಾಟಲಿ ತುಂಬುವುದನ್ನು ಸುಮ್ಮನೆ ನೋಡುತ್ತ ಕೂತಳು.

ಅಮ್ಮ ಫಿಲ್ಟರಿನ ಹತ್ತಿರ ಹೋಗಲೇ ಇಲ್ಲ. ಹಿಂದಿನ ದಿನ ಸೋಸಿದ ನೀರನ್ನು ಹಿತ್ತಾಳೆ ಬಿಂದಿಗೆಯಲ್ಲಿ ಮುಚ್ಚಿಟ್ಟಿದ್ದಳು. ಅದರಿಂದ ಬಾಟಲಿಗೆ ಬಗ್ಗಿಸಿದಳು.

“ನೀನ್ ಮಾಡಿದ್ ನೀರು ಕಣೇ, ಸೀದಾ ಪ್ಲಾಸ್ಟಿಕ್ಕಿಗೆ ಹಿಡಿಯಕ್ಕಾಯ್ತದಾ? ಇದ್ಕೇ ಅಂತ ಹೊಸ್ದಾಗಿ ಕಲಾಯಿ ಹಾಕ್ಸಿದೀನಿ.”

ತಂಗಿ ರೇಗಲಿಲ್ಲ. ಫಿಲ್ಟರಿನಿಂದ ನೇರವಾಗಿ ಒಂದು ಬಾಟಲಿ, ಬಿಂದಿಗೆಯಿಂದ ಒಂದು, ಬಿಂದಿಗೆಯ ನೀರನ್ನೇ ಮತ್ತೆ ಸೋಸಿ ಇನ್ನೊಂದು ತುಂಬಿಕೊಂಡು ಹೋದಳು. ಬಿಂದಿಗೆಯದು ಬಿಟ್ಟು ಉಳಿದೆರಡೂ ಶುದ್ಧವಾಗಿದ್ದವು. ಬಿಂದಿಗೆಯ ಒಳಮೈಗೆ ಬಳಿದ ಕಲಾಯಿಯ ತವರಕ್ಕೆ ಯಾರೋ ಸೀಸ ಬೆರೆಸಿದ್ದರು. ಗೈಡ್ ಮುಂದುವರಿಸು ಎಂದರು. ನನಗಂತೂ ಕುಣಿದಾಡುವಷ್ಟು ಖುಷಿಯಾಯಿತು.

ನಾವಿಬ್ಬರೂ ಗುಬ್ಬಿಗೆ ಹೋಗಿ ಇದನ್ನು ಹೇಳಿದಾಗ ಅಮ್ಮ ಮಾತ್ರ ಮಂಕಾದಳು. ನಾವು ಚಿಕ್ಕವರಿದ್ದಾಗಿನಿಂದ ಅವಳು ಸಾರು ಕುದಿಸಿದ್ದೆಲ್ಲ ಕಲಾಯಿ ಪಾತ್ರೆಗಳಲ್ಲೇ.

“ಹಂಗಾರೆ ಇಷ್ಟ್ ವರ್ಷ ನಾನು ನಿಮ್ಗೆ...” ಎನ್ನುತ್ತ ಬಿಂದಿಗೆಯನ್ನು ಮೂಲೆಗೆ ಸರಿಸಿದಳು.

ತಂಗಿ ಬಿಂದಿಗೆಯ ನೀರನ್ನು ಫಿಲ್ಟರಿಗೆ ಸುರಿದಳು. ಕೆಳಗೆ ತೊಟ್ಟಿಕ್ಕಿ ಲೋಟ ತುಂಬುವವರೆಗೆ ಕಾದು, ಗಟಗಟನೆ ಕುಡಿದು, ಖಾಲಿ ಲೋಟವನ್ನು ಅಮ್ಮನ ಮುಂದೆ ಹಿಡಿದಳು.

“ನಿನ್ ಬಿಂದ್ಗೆ ನೀರೇ ಕಣಮ್ಮ. ಇನ್ನೊಂದ್ ಲೋಟ ಸೋಸ್ಕೊಡು.”