ಪಾಕ ನೋಡುವ ಬೆರಳು

ಜನವರಿಯ ಒಂದು ಮಂಗಳವಾರ, ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ. ಹುಲ್ಲಹಳ್ಳಿ ಹತ್ತಿರದ ಆಲೆಮನೆಯಲ್ಲಿ ಮಾರಯ್ಯ ಕೊಪ್ಪರಿಗೆಯಿಂದ ಒಂದು ತೊಟ್ಟು ಪಾಕ ತೆಗೆದು, ನೀರಿನ ಬಟ್ಟಲಿಗೆ ಬಿಟ್ಟು, ಹೆಬ್ಬೆರಳು ತೋರುಬೆರಳಿನ ನಡುವೆ ಉಂಡೆ ಮಾಡುತ್ತಿದ್ದರು. ಉಂಡೆ ನಿಂತರೆ ಬೆಲ್ಲ. ಜಾರಿದರೆ ಇನ್ನೂ ಕುದಿಯಬೇಕು.

ಮೂವತ್ತೆಂಟು ವರ್ಷ ಹೀಗೆ ಬಿಸಿ ಪಾಕ ಮುಟ್ಟಿ ಆ ಎರಡು ಬೆರಳುಗಳ ತುದಿ ಜಡ್ಡುಗಟ್ಟಿತ್ತು. ಮತ್ತೆ ಮತ್ತೆ ಪೆಟ್ಟು ತಿಂದ ಕಡೆ ಚರ್ಮ ಬೇಗ ಬೆಳೆದು, ಸತ್ತ ಕೋಶಗಳನ್ನು ಪದರ ಪದರವಾಗಿ ಪೇರಿಸುತ್ತದೆ. ನೊಗ ಹೊತ್ತ ಎತ್ತಿನ ಹೆಗಲಲ್ಲೂ ಇದೇ ಆಗುತ್ತದೆ. ಕೊಡಲಿ ಏಟು ಬಿದ್ದ ಬೇವಿನ ಮರವೂ ಗಾಯದ ಸುತ್ತ ಗಂಟು ಕಟ್ಟಿಕೊಳ್ಳುತ್ತದೆ. ಒಳಗಿನದನ್ನು ಉಳಿಸುವುದೇ ಅದರ ಕೆಲಸ. ಆದರೆ ಜಡ್ಡು ದಪ್ಪವಾದಷ್ಟೂ ಬಿಸಿಯ ಸುದ್ದಿ ನರಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಮಾರಯ್ಯ ಅಳೆಯುತ್ತಿದ್ದುದು ಪಾಕದ ಗಟ್ಟಿತನವನ್ನು, ಬಿಸಿಯನ್ನಲ್ಲ. ಈ ವ್ಯತ್ಯಾಸದ ಬಗ್ಗೆ ಯಾರೂ ಯೋಚಿಸಿರಲಿಲ್ಲ.

ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತಿದ್ದ ಹೆಂಡತಿ ಚಿನ್ನಮ್ಮ ಎದ್ದು ಬಂದರು.

“ವಸಿ ಹಣೆ ಮುಟ್ಟಿ ನೋಡಿ. ಮೈಯೆಲ್ಲ ಸುಡ್ತಾದೆ.”

ಮಾರಯ್ಯ ಅದೇ ಎರಡು ಬೆರಳು ಇಟ್ಟು ನೋಡಿದರು.

“ಒಲೆ ಮುಂದೆ ಕುಂತವ್ಳಿಗೆ ಸುಡ್ದೆ ತಣ್ಣಗಿದ್ದದಾ? ಏನೂ ಇಲ್ಲ ಕಣಮ್ಮಿ.”

“ನಾನು ಬೆಲ್ಲ ಆದ್ನೋ ಇಲ್ವೋ, ಸರ್ಯಾಗಿ ನೋಡಿ ಏಳಿ.”

“ಇನ್ನೂ ಎಳೇ ಪಾಕ.”

ಚಿನ್ನಮ್ಮ ನಕ್ಕು, ಮತ್ತೆ ಒಲೆಯ ಮುಂದೆ ಕುಳಿತರು. ಆಲೆಮನೆಯಲ್ಲಿ ಆ ಬೆರಳಿನ ಮಾತು ಮೀರಿದವರು ಯಾರೂ ಇರಲಿಲ್ಲ.

ರಾತ್ರಿ ಮನೆಗೆ ಬಂದ ಮೇಲೆ ಮಾರಯ್ಯ ಮತ್ತೆ ಹಣೆ ಮುಟ್ಟಿ, ಏನೂ ಇಲ್ಲವೆಂದರು. ಮರುದಿನ ಬೆಳಗ್ಗೆ ಕಂಬಳಿ ಹೊದ್ದು ನಡುಗುತ್ತಿದ್ದ ಹೆಂಡತಿಯ ಹಣೆಯನ್ನು ಇನ್ನೊಮ್ಮೆ ಮುಟ್ಟಿ, ಬಿಸಿಯಿಲ್ಲ, ಬರೀ ಚಳಿ ಎಂದುಕೊಂಡು ಕೆಲಸಕ್ಕೆ ಹೋದರು. ಮಧ್ಯಾಹ್ನ ಗಂಜಿ ಕೊಡಲು ಬಂದ ಪಕ್ಕದ ಮನೆಯ ಪವಿತ್ರಾ ಚಿನ್ನಮ್ಮನ ಕೈ ಹಿಡಿದವಳೇ ಆಟೋ ಕರೆಸಿದಳು. ನಂಜನಗೂಡಿನ ಆಸ್ಪತ್ರೆಯಲ್ಲಿ ನೋಡಿದಾಗ ಜ್ವರ ನೂರ ನಾಲ್ಕೂವರೆ ಡಿಗ್ರಿ ಇತ್ತು. ಸೋಂಕು ರಕ್ತಕ್ಕೆ ಹಬ್ಬಿದೆ ಎಂದ ಡಾಕ್ಟರು, “ನಿನ್ನೇನೇ ಬಂದಿದ್ರೆ...” ಎಂದು ಮಾತು ನಿಲ್ಲಿಸಿದರು. ಗುರುವಾರ ಬೆಳಗ್ಗೆ ಚಿನ್ನಮ್ಮ ತೀರಿಕೊಂಡರು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಆಲೆಮನೆಯ ಯಜಮಾನರಾದ ಮಹಾದೇವಸ್ವಾಮಿ ಮನೆಗೆ ಬಂದರು. ಮಾರಯ್ಯ ಜಗಲಿಯ ಮೇಲೆ ಕುಳಿತು, ಮೈ ಉಜ್ಜುವ ಕಲ್ಲಿಗೆ ತೋರುಬೆರಳಿನ ತುದಿ ತಿಕ್ಕುತ್ತಿದ್ದರು. ಜಡ್ಡು ಸವೆದು ಒಳಗಿನ ಕೆಂಪು ಕಾಣುತ್ತಿತ್ತು.

“ಬುಡಿ ಮಾರಣ್ಣ, ರಕ್ತ ಬತ್ತದೆ. ನೀವಿಲ್ದೆ ಎರಡು ಕೊಪ್ಪರಿಗೆ ಪಾಕ ಕೆಟ್ಟೋಯ್ತು. ನಿಮ್ಮ ಬೆರಳು ಯಾವತ್ತಾದ್ರೂ ಸುಳ್ಳು ಏಳಿತ್ತಾ?”

ಮಾರಯ್ಯ ಕಲ್ಲು ಕೆಳಗಿಟ್ಟರು.

“ಏಳ್ತು ಸಾಮಿ. ಮೂರು ಸಲ.”