ರೋಬೋಟ್ ಕಲಿತ ಅಕ್ಕನ ನೋವು

ನಮ್ಮಕ್ಕನಿಗೆ ಕಾರ್ಖಾನೆಯಲ್ಲಿ ಎಲ್ಲರೂ ಇಟ್ಟ ಹೆಸರು 'ಇಕ್ಕಳ'. ಕೆಲಸವಾಗಲಿ, ಜಗಳವಾಗಲಿ, ಹಿಡಿದರೆ ಬಿಡುವ ಜಾತಿಯಲ್ಲ. ಹಳೆಯ ಗೇರ್‌ಬಾಕ್ಸ್ ಬಿಚ್ಚಿ, ಸವೆದದ್ದನ್ನು ಬದಲಿಸಿ, ಹೊಸದರಂತೆ ಮಾಡಿ ಕಳಿಸುವ ಕಾರ್ಖಾನೆ ನಮ್ಮದು. ಬಿಗಿಯಾಗಿ ಕೂತ ಶಾಫ್ಟ್ ಎಳೆದು ತೆಗೆಯುವುದು ಅವಳ ಕೆಲಸ, ಗ್ರೀಸ್ ತೊಳೆಯುವುದು ನನ್ನದು. ಶಾಫ್ಟ್ ನೆಟ್ಟಗೆ ಬರಬೇಕು. ಕೂದಲೆಳೆಯಷ್ಟು ಓರೆಯಾದರೂ ಕಚ್ಚಿಕೊಳ್ಳುತ್ತದೆ, ಆಮೇಲೆ ಇಡೀ ಪೆಟ್ಟಿಗೆ ಗುಜರಿಗೆ.

ಆ ಕೆಲಸಕ್ಕೆ ರೋಬೋಟ್ ಬಂತು. ಒಂದೇ ಒಂದು ಉದ್ದನೆಯ ತೋಳು. ಅದನ್ನು ಹಿಡಿದು ಎಳೆದು ತೋರಿಸಿದರೆ ಹಾಗೇ ಕಲಿಯುತ್ತದಂತೆ. ಅಕ್ಕ ಸಡಿಲವಾದ ಶಾಫ್ಟೊಂದನ್ನಿಟ್ಟು ಬಲಗೈಯಲ್ಲಿ ತೋರಿಸಿದಳು. ಅದು ಕಲಿತ ಚಂದವೋ! ಬಿಗಿಯಾದ ಶಾಫ್ಟ್ ಕೊಟ್ಟಾಗಲೆಲ್ಲ ಅರ್ಧಕ್ಕೆ ತಂದು ಕಚ್ಚಿಸಿಕೊಂಡು ನಿಂತಿತು.

ರೋಬೋಟ್ ಜೊತೆ ಬಂದಿದ್ದ ಇಂಜಿನಿಯರ್ ಹುಡುಗಿ ವೈರು ನೋಡಿದಳು, ಬೋಲ್ಟು ನೋಡಿದಳು, ಏನೂ ಸಿಗಲಿಲ್ಲ. ಇದು ಉದ್ಧಾರವಾಗುವುದಲ್ಲ, ವಾಪಸ್ ಕಳಿಸೋಣ, ಮೊದಲಿನಂತೆ ಕೈಯಲ್ಲೇ ಎಳೆಯೋಣ ಎಂದರು ಮೇಸ್ತ್ರಿ. ಅಕ್ಕನ ಮುಖ ಬಿಳಿಚಿಕೊಂಡಿತು.

ಹುಡುಗಿ ಕೊನೆಯ ಸಲವೆಂದು ಖಾಲಿ ತೋಳನ್ನು ಆಡಿಸಿದಳು. ಅರ್ಧದಲ್ಲಿ ಅದು ಕ್ಷಣ ತಡೆದು, ಸಣ್ಣಗೆ ಬಲಕ್ಕೆ ಕುಸಿಯಿತು. ಮನೆಯಲ್ಲಿ ಗೂಟದಿಂದ ಚೀಲ ತೆಗೆಯುವಾಗ ಅಕ್ಕನೂ ಹೀಗೇ ತಡೆಯುತ್ತಾಳೆ, ಅವಳ ಬಲಗೈ ಹೀಗೇ ಕುಸಿಯುತ್ತದೆ. ಏನಾಯಿತೆಂದು ಕೇಳಿದರೆ ನಿನ್ನ ಕೆಲಸ ನೋಡಿಕೋ ಅನ್ನುತ್ತಾಳೆ. ತಾನೇ ಎಳೆಯುವಾಗ ಎಡಗೈ ಕೊಟ್ಟು ಸರಿಮಾಡಿಕೊಳ್ಳುತ್ತಿದ್ದಳು. ಆ ತೋಳಿಗೆ ಎಡಗೈ ಎಲ್ಲಿಂದ ಬರಬೇಕು?

ಅಕ್ಕನನ್ನು ನೀರಿನ ತೊಟ್ಟಿಯ ಹಿಂದೆ ಎಳೆದುಕೊಂಡು ಹೋಗಿ ಕೇಳಿದೆ.

"ಹೆಗಲು ಹೋಗಿದೆ ಕಣೇ. ಹೇಳಿದ್ರೆ ನನ್ನನ್ನ ಮನೆಗೆ ಕಳಿಸ್ತಾರೆ."

ನನಗೆ ಸಿಟ್ಟು ನೆತ್ತಿಗೇರಿತು. "ಹೇಳದಿದ್ರೆ ರೋಬೋಟನ್ನ ಕಳಿಸ್ತಾರೆ. ಆಮೇಲೆ ದಿನಾ ನೀನೇ ಎಳೀಬೇಕು. ಆಗುತ್ತಾ?"

ಅಕ್ಕ ಸೀದಾ ಹೋಗಿ ಮೇಸ್ತ್ರಿಯ ಮುಂದೆ ಎಲ್ಲ ಹೇಳಿದಳು. ಬೈಯುತ್ತಾರೆಂದು ನಾನು ಸೆರಗು ಬಿಗಿದೇ ನಿಂತಿದ್ದೆ. ಅವರು ತಲೆ ಚಚ್ಚಿಕೊಂಡರು, ಅಷ್ಟೆ.

"ಅಲ್ಲಮ್ಮಾ, ಇದನ್ನ ತರಿಸಿದ್ದೇ ಯಾರ ಹೆಗಲೂ ಹೋಗಬಾರದು ಅಂತ. ಎಡಗೈಲಿ ಕಲಿಸು. ಇನ್ಮೇಲೆ ನಿನ್ನ ಕೆಲಸ ಇದಕ್ಕೆ ಕಲಿಸೋದು, ಎಳೆಯೋದಲ್ಲ."

ಎಡಗೈಯಲ್ಲಿ, ನಿಧಾನವಾಗಿ, ಮತ್ತೆ ಕಲಿಸಿದಳು. ಬಿಗಿಯಾದ ಶಾಫ್ಟ್ ಒಂದಿಷ್ಟೂ ತಕರಾರಿಲ್ಲದೆ ಹೊರಬಂತು. ಅಕ್ಕ ಬೋರಲು ಹಾಕಿದ ಡಬ್ಬದ ಮೇಲೆ ಕುಸಿದು ಕೂತು ಅತ್ತಳು, ನಡುವೆಯೇ ನಕ್ಕಳು. ನನಗೂ ಹೋದ ಜೀವ ಬಂದಂತಾಯಿತು.

ಸಂಜೆ ಮನೆಯಲ್ಲಿ ಗೂಟದ ಕೆಳಗೆ ನಿಂತು ನನ್ನನ್ನು ಕರೆದಳು.

"ಆ ಚೀಲ ತೆಗೆದುಕೊಡೇ. ನನ್ನ ಕೈಲಾಗಲ್ಲ."

ಇಕ್ಕಳದ ಬಾಯಲ್ಲಿ ಆ ಮಾತು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಚೀಲ ತೆಗೆದುಕೊಟ್ಟೆ.